ಶಾಪವೇ ಕಾವಲಾದ ಕಾನೂನು: ಶ್ರೀರಂಗಪಟ್ಟಣದ ಕಡೆಯಿಂದ ಮಾಂಟೆಸ್ಕ್ಯೂ ಓದು

ರಾಜ್ಯಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಮಾಂಟೆಸ್ಕ್ಯೂ ಸಾಮಾನ್ಯವಾಗಿ ಒಂದು ಅಂಕದ ಉತ್ತರ. ಅಧಿಕಾರ ಪ್ರತ್ಯೇಕತೆಯ ಸಿದ್ಧಾಂತ ಯಾರದು ಎಂದು ಕೇಳುತ್ತಾರೆ, ಹೆಸರು ಬರೆದು ಮುಂದಿನ ಪ್ರಶ್ನೆಗೆ ಹೋದರೆ ಆಯಿತು. ಪದವಿ ತರಗತಿಗೆ ಬಂದಾಗ ಅದೇ ಉತ್ತರ ಐದು ಅಂಕಕ್ಕೆ ಬೆಳೆಯುತ್ತದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಚೌಕಗಳ ಚಿತ್ರ ಸೇರಿಕೊಳ್ಳುತ್ತದೆ. ಇಷ್ಟನ್ನೇ ಓದಿಕೊಂಡವರು ಮೂಲ ಪುಸ್ತಕವನ್ನು ಕೈಗೆತ್ತಿಕೊಂಡರೆ ಸ್ವಲ್ಪ ಗಾಬರಿಯಾಗುವುದು ಖಂಡಿತ. ಸ್ವಾತಂತ್ರ್ಯದ ಬಗ್ಗೆ ಅಷ್ಟು ನಯವಾಗಿ ಯೋಚಿಸಿದ ಮನುಷ್ಯ ಏಷ್ಯಾದವರ ಬಗ್ಗೆ, ಎಂದರೆ ನಮ್ಮ ಬಗ್ಗೆ, ಬರೆದಿರುವುದು ಅಷ್ಟೇನೂ ನಯವಾಗಿಲ್ಲ. ನಾವು ಕಾನೂನಿಲ್ಲದ ಜನ, ಭಯದಿಂದ ಮಾತ್ರ ಆಳಿಸಿಕೊಳ್ಳುವ ಜನ, ಅದಕ್ಕೆ ನಮ್ಮ ಹವಾಮಾನವೇ ಕಾರಣ ಎಂಬುದು ಅವನ ತೀರ್ಮಾನ.

ಹಾಗೆಂದು ಪುಸ್ತಕ ಮುಚ್ಚಿಡುವುದು ಸುಲಭ. ಅವನು ತಪ್ಪಾಗಿ ಚಿತ್ರಿಸಿದ ಜಾಗದಲ್ಲೇ ನಿಂತು, ಕಾವೇರಿಯ ಈ ದಂಡೆಯಿಂದ, ಅವನನ್ನು ಓದುವುದು ಇನ್ನೂ ಲಾಭದ ಕೆಲಸ ಎಂದು ನನಗೆ ಅನ್ನಿಸುತ್ತದೆ. ಅವನು ಕೊಟ್ಟ ಉತ್ತರ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ. ಆದರೆ ಅವನು ಎತ್ತಿದ ಪ್ರಶ್ನೆ ಅಲ್ಲಿಂದ ಕದಲುವುದೂ ಇಲ್ಲ.

‘ಸ್ಪಿರಿಟ್ ಆಫ್ ಲಾಸ್’ 1748ರಲ್ಲಿ ಜಿನೀವಾದಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ಮೂರು ವರ್ಷಕ್ಕೆ ರೋಮಿನ ಚರ್ಚು ಅದನ್ನು ನಿಷಿದ್ಧ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಬರೆದವನು ಬೋರ್ಡೊ ನಗರದ ನ್ಯಾಯಾಲಯದಲ್ಲಿ ಹತ್ತು ವರ್ಷ ಕೂತೆದ್ದವನು. ಆ ಹುದ್ದೆ ದೊಡ್ಡಪ್ಪನಿಂದ ಆಸ್ತಿಯಂತೆ ಬಂದದ್ದು, 1726ರಲ್ಲಿ ಅವನು ಅದನ್ನು ಆಸ್ತಿಯಂತೆಯೇ ಮಾರಿದ. ಸರ್ಕಾರಗಳನ್ನು ಅವನು ಮೂರು ಬಗೆ ಮಾಡುತ್ತಾನೆ. ಗಣರಾಜ್ಯ ನಡೆಯುವುದು ಪ್ರಜೆಗಳ ಸದ್ಗುಣದಿಂದ, ರಾಜಪ್ರಭುತ್ವ ನಡೆಯುವುದು ಮಾನದ ಹಂಬಲದಿಂದ, ನಿರಂಕುಶ ಪ್ರಭುತ್ವ ನಡೆಯುವುದು ಭಯದಿಂದ. ರಾಜನಿಗೂ ನಿರಂಕುಶನಿಗೂ ಇರುವ ವ್ಯತ್ಯಾಸ ಒಳ್ಳೆಯತನದ್ದಲ್ಲ. ರಾಜನ ಮತ್ತು ಪ್ರಜೆಯ ನಡುವೆ ಅವನ ಇಚ್ಛೆಯನ್ನು ತಡೆದು ನಿಲ್ಲಿಸುವ ಸಂಸ್ಥೆಗಳಿರುತ್ತವೆ, ಕಾನೂನನ್ನು ಜೋಪಾನ ಮಾಡಿ ಅವನಿಗೇ ನೆನಪಿಸುವ ಒಂದು ಮಂಡಳಿ ಇರುತ್ತದೆ. ನಿರಂಕುಶನ ಮುಂದೆ ಅಂಥದ್ದೇನೂ ಇರುವುದಿಲ್ಲ. ನಿರಂಕುಶತೆ ಎಂದರೇನು ಎನ್ನುವುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು ಅದನ್ನು ಎರಡೇ ವಾಕ್ಯಕ್ಕೆ ಮುಗಿಸುತ್ತಾನೆ: ಹಣ್ಣು ಬೇಕೆಂದು ಮರವನ್ನೇ ಬುಡಕ್ಕೆ ಕಡಿದು ಕಿತ್ತುಕೊಳ್ಳುವ ಚಿತ್ರ ಅಲ್ಲಿರುವುದು. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದವರು ಕಡಿಮೆ.

ಸ್ವಾತಂತ್ರ್ಯವನ್ನೂ ಅವನು ಹೀಗೆಯೇ ನೆಲಕ್ಕೆ ಇಳಿಸುತ್ತಾನೆ. ಮನಸ್ಸಿಗೆ ಬಂದದ್ದನ್ನು ಮಾಡುವುದು ಸ್ವಾತಂತ್ರ್ಯವಲ್ಲ; ಒಬ್ಬ ಪ್ರಜೆ ಇನ್ನೊಬ್ಬನಿಗೆ ಅಂಜಬೇಕಿಲ್ಲದ ನೆಮ್ಮದಿಯೇ ಸ್ವಾತಂತ್ರ್ಯ. ಕಾನೂನು ಮಾಡುವವನು, ಜಾರಿಗೆ ತರುವವನು, ತೀರ್ಪು ಕೊಡುವವನು ಒಬ್ಬನೇ ಆದ ಕ್ಷಣ ಆ ನೆಮ್ಮದಿ ಹೋಯಿತು. ಇದನ್ನು ನಮ್ಮ ಕಡೆಯವರಿಗೆ ವಿವರಿಸಲು ಇಂಗ್ಲೆಂಡಿನ ಸಂವಿಧಾನ ಬೇಕಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಚೆಲುವನಾರಾಯಣನಿಗೆ ತೊಡಿಸುವ ವೈರಮುಡಿ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸರ ಕಾವಲಿನಲ್ಲಿ ಬರುತ್ತದೆ, ಉತ್ಸವ ಮುಗಿದ ಮೇಲೆ ಖಜಾನೆಗೆ ಹಿಂತಿರುಗುತ್ತದೆ. ಇಟ್ಟುಕೊಳ್ಳುವವರೇ ಬೇರೆ, ತೊಡಿಸುವವರೇ ಬೇರೆ. ದೇವರ ಕಿರೀಟಕ್ಕೇ ಇಷ್ಟು ಎಚ್ಚರಿಕೆ ಬೇಕೆಂದು ಗೊತ್ತಿದ್ದ ಜನಕ್ಕೆ ಮಾಂಟೆಸ್ಕ್ಯೂ ಹೇಳಿದ್ದು ಹೊಸದಾಗಿ ಕೇಳಿಸಬಾರದು.

ಇನ್ನು ಅವನ ಏಷ್ಯಾ. ಅವನು ಯೂರೋಪು ಬಿಟ್ಟು ಹೊರಗೆ ಹೋದವನಲ್ಲ. ಅವನಿಗೆ ಪೂರ್ವದೇಶಗಳನ್ನು ತೋರಿಸಿದ್ದು ಬರ್ನಿಯರ್, ಟಾವರ್ನಿಯರ್, ಷಾರ್ಡಿನ್ ಮೊದಲಾದ ಪ್ರವಾಸಿಗಳ ಪುಸ್ತಕಗಳು. ದೊರೆಯೇ ಎಲ್ಲ ನೆಲದ ಒಡೆಯ, ರೈತನಿಗೆ ತನ್ನದೆನ್ನುವ ಹೊಲವಿಲ್ಲ ಎಂಬ ಮಾತು ಬಂದದ್ದು ಅಲ್ಲಿಂದ. ಪ್ರವಾಸಿಗಳ ಬರಹ ಎಷ್ಟು ರಂಜಕವೋ ಅಷ್ಟೇ ಜಾರುವ ನೆಲ ಎನ್ನುವುದು ಕನ್ನಡದ ಓದುಗರಿಗೆ ಗೊತ್ತು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಸಂಪುಟಗಟ್ಟಲೆ ಇಂಥ ಬರಹಗಳನ್ನು ಕನ್ನಡಕ್ಕೆ ತಂದಿಟ್ಟಿದ್ದಾರೆ. ಅವನ್ನು ಸಾಲಾಗಿ ಓದುತ್ತ ಹೋದರೆ ದೇಶಕ್ಕಿಂತ ಹೆಚ್ಚಾಗಿ ಪ್ರವಾಸಿಯೇ ಕಾಣತೊಡಗುತ್ತಾನೆ. ಅರಮನೆಯ ಬಾಗಿಲಲ್ಲಿ ಕಾದು ಕೂತವನಿಗೆ ದೇಶವೆಲ್ಲ ಅರಮನೆಯಂತೆಯೇ ತೋರುತ್ತದೆ. ಶಾನುಭೋಗರ ಕಡತದಲ್ಲಿ ಯಾರ ಹೊಲದ ಬದು ಎಲ್ಲಿದೆ ಎಂದು ಅವನು ಯಾಕೆ ನೋಡುತ್ತಾನೆ?

ಹವಾಮಾನದ ಭಾಗವಂತೂ ಈಗ ನಗೆಗೀಡು. ಕುರಿಯ ನಾಲಿಗೆಯನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಚಳಿಗೆ ನರತುದಿಗಳು ಕುಗ್ಗುತ್ತವೆ, ಸೆಕೆಗೆ ಅರಳುತ್ತವೆ, ಆದ್ದರಿಂದ ಬಿಸಿಲಿನ ದೇಶದವರು ಸುಖಜೀವಿಗಳು, ಅಂಜುಬುರುಕರು ಎಂದು ಅವನು ಲೆಕ್ಕ ಹಾಕುತ್ತಾನೆ. ಮಂಡ್ಯದ ಜನರ ಮೇಲೆ ಬೇಕಾದಷ್ಟು ದೂರುಗಳಿವೆ, ಅಂಜುಬುರುಕರು ಎನ್ನುವ ದೂರನ್ನು ಮಾತ್ರ ನಾನು ಕೇಳಿಲ್ಲ.

ಅವನನ್ನು ತಿದ್ದಿದವನೂ ಫ್ರೆಂಚನೇ. ಇಂಡಿಯಾದಲ್ಲಿ 1755ರಿಂದ ಆರು ವರ್ಷ ಓಡಾಡಿದ ಆಂಕ್ವೆಟಿಲ್ ಡುಪೆರಾನ್ 1778ರಲ್ಲಿ ಒಂದು ಪುಸ್ತಕ ಬರೆದು, ತುರ್ಕಿ, ಪರ್ಷಿಯಾ, ಇಂಡಿಯಾ ಮೂರರಲ್ಲೂ ಬರೆದಿಟ್ಟ ಕಾನೂನಿದೆ, ಖಾಸಗಿ ಆಸ್ತಿಯಿದೆ ಎಂದು ವಾದಿಸಿದ. ಕಾನೂನಿಲ್ಲದ ನಾಡು ಎಂದು ಹೆಸರಿಟ್ಟರೆ ಅದನ್ನು ಕಿತ್ತುಕೊಳ್ಳುವುದು ಯೂರೋಪಿನವರಿಗೆ ಸಲೀಸಾಗುತ್ತದೆ ಎಂಬ ಸಂಶಯವೂ ಅವನಿಗಿತ್ತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಕೂಡ, ಟಿಪ್ಪುವಿನ ಬಗ್ಗೆ ಒಂದು ಒಳ್ಳೆಯ ಮಾತಾಡಲು ಕಷ್ಟಪಡುವ ಆ ಚರಿತ್ರೆಕಾರ, 1810ರ ತನ್ನ ಸಂಪುಟದಲ್ಲಿ ದೊರೆಯೇ ನೆಲದೊಡೆಯ ಎಂಬ ವಾದವನ್ನು ಒಪ್ಪಲಿಲ್ಲ.

ಟಿಪ್ಪುವಿನ ಆಡಳಿತದಲ್ಲಿ ಬರೆದಿಟ್ಟ ನಿಯಮಗಳಿಗೆ ಕೊರತೆಯಿರಲಿಲ್ಲ. ಅಮಲ್ದಾರರಿಗೆ ಕಳಿಸಿದ ಪರ್ಷಿಯನ್ ಕಂದಾಯ ನಿಯಮಾವಳಿಯೊಂದು ಯುದ್ಧದಲ್ಲಿ ಇಂಗ್ಲಿಷರ ಕೈಗೆ ಸಿಕ್ಕು 1792ರಲ್ಲಿ ಕಲ್ಕತ್ತೆಯಲ್ಲಿ ಅನುವಾದವಾಗಿ ಅಚ್ಚಾಯಿತು. ನೇಗಿಲಿಲ್ಲದ ರೈತನಿಗೆ ತಕಾವಿ ಸಾಲ ಕೊಡಬೇಕು ಎನ್ನುವ ಮಟ್ಟಕ್ಕೆ ಇಳಿದು ಮಾತಾಡುವ ನಿಯಮಗಳು ಅವು. ಟಿಪ್ಪುವಿನ ಪುಸ್ತಕ ಭಂಡಾರದ ವಿವರಪಟ್ಟಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಹೊರಬಂತು, ಅದರಲ್ಲಿ ನ್ಯಾಯಶಾಸ್ತ್ರದ ಗ್ರಂಥಗಳೂ ಇವೆ. ಕಾನೂನೇ ಇಲ್ಲದ ಆಳ್ವಿಕೆ ಎಂಬ ಮಾಂಟೆಸ್ಕ್ಯೂ ಚಿತ್ರ ಇಲ್ಲಿಗೆ ಒಡೆದುಹೋಗುತ್ತದೆ. ಆದರೆ ನಾವು ಇಷ್ಟಕ್ಕೇ ಗೆದ್ದೆವು ಎಂದು ಎದ್ದುಬಿಟ್ಟರೆ ಮುಖ್ಯವಾದದ್ದು ಉಳಿದುಹೋಗುತ್ತದೆ.

ಕನ್ನಂಬಾಡಿಯ ಕಲ್ಲನ್ನು ನೋಡಬೇಕು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾದಾಗ ಅಲ್ಲಿ ಟಿಪ್ಪುವಿನ ಪರ್ಷಿಯನ್ ಶಾಸನ ಸಿಕ್ಕಿತು, ಈಗ ಅಣೆಕಟ್ಟೆಯ ಪ್ರವೇಶದ್ವಾರದಲ್ಲಿ ಅದನ್ನು ನಿಲ್ಲಿಸಿದ್ದಾರೆ. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಕಟ್ಟೆ ಹಾಕಲು ಸುಲ್ತಾನ್ ಅಡಿಪಾಯ ಇಟ್ಟದ್ದನ್ನು ಅದು ಹೇಳುತ್ತದೆ. ಕನ್ನಡಿಗರು ಇದನ್ನು ನೆನೆಯುವುದು ವಿಶ್ವೇಶ್ವರಯ್ಯನವರಿಗಿಂತ ಮುಂಚೆ ಯೋಚಿಸಿದ್ದು ಯಾರು ಎಂಬ ಜಗಳದ ನಡುವೆ ಮಾತ್ರ. ಆ ಜಗಳದಲ್ಲಿ ಶಾಸನದ ಎರಡನೆಯ ಭಾಗವನ್ನು ಯಾರೂ ಓದುವುದಿಲ್ಲ. ಈ ನೀರಿನಿಂದ ಯಾರು ಹೊಸದಾಗಿ ಬೇಸಾಯ ಮಾಡುತ್ತಾರೋ ಅವರು ಬೇರೆ ರೈತರು ಕೊಡುವುದರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಾತ್ರ ಸರ್ಕಾರಕ್ಕೆ ಕೊಟ್ಟರೆ ಸಾಕು. ಆ ನೆಲ ಭೂಮಿ ಆಕಾಶಗಳು ಇರುವ ತನಕ ಅವರ ಮಕ್ಕಳು ಮೊಮ್ಮಕ್ಕಳದು. ಇದಕ್ಕೆ ಅಡ್ಡಿ ಮಾಡಿದವನು ಸೈತಾನನಂತೆ ಮನುಷ್ಯಕುಲದ ವೈರಿ. ಆ ಭಾಗದ ಸಾರ ಇಷ್ಟು.

ಇದೊಂದು ದೊರೆಯ ಬುದ್ಧಿವಂತಿಕೆಯ ಮತ್ತು ನಿಸ್ಸಹಾಯಕತೆಯ ದಾಖಲೆ. ನೆಲ ತನ್ನದೆಂಬ ಭರವಸೆಯಿಲ್ಲದೆ ರೈತ ಗೇಯುವುದಿಲ್ಲ ಎಂದು ಟಿಪ್ಪುವಿಗೆ ಗೊತ್ತಿತ್ತು; ಮರ ಕಡಿದು ಹಣ್ಣು ತಿನ್ನುವವನು ಹೀಗೆ ಬರೆಸುವುದಿಲ್ಲ. ಮುಂದೆ ಬರುವ ಸರ್ಕಾರ, ಸ್ವತಃ ತನ್ನದೇ ಸರ್ಕಾರ ನಾಳೆ ಬೆಳಿಗ್ಗೆ ಮನಸ್ಸು ಬದಲಾಯಿಸಿದರೆ ಏನು ಗತಿ ಎಂಬುದೂ ಅವನಿಗೆ ಹೊಳೆದಿದೆ. ಹೊಳೆದ ಮೇಲೆ ಅವನ ಕೈಯಲ್ಲಿದ್ದದ್ದು ಒಂದೇ, ಶಾಪ. ಮಾತು ತಪ್ಪಿದ ಸರ್ಕಾರದ ಮೇಲೆ ರೈತ ಯಾವ ಮೆಟ್ಟಿಲು ಹತ್ತಬೇಕು ಎಂದು ಕಲ್ಲು ಹೇಳುವುದಿಲ್ಲ, ಏಕೆಂದರೆ ಅಂಥ ಮೆಟ್ಟಿಲಿರಲಿಲ್ಲ.

ಟಿಪ್ಪು ಇಲ್ಲಿ ಹೊಸ ದಾರಿ ತುಳಿಯಲಿಲ್ಲ. ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ದಾನಶಾಸನಗಳನ್ನು ತಿರುವಿದವರಿಗೆ ಕೊನೆಯ ಸಾಲುಗಳು ಬಾಯಿಪಾಠ: ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಕಾಶಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆ. ಹಳಗನ್ನಡದ ತರಗತಿಯಲ್ಲಿ ನಾವು ಇದನ್ನು ‘ಶಾಪಾಶಯ’ ಎಂದು ಗುರುತಿಸಿ, ಸಾಂಪ್ರದಾಯಿಕ ಮುಕ್ತಾಯ ಎಂದು ಬರೆದು ಮುಂದೆ ಹೋಗುತ್ತೇವೆ. ಅದು ಬರೀ ಅಲಂಕಾರವಲ್ಲ. ಮುಂದಿನ ದೊರೆಯನ್ನು ಹಿಂದಿನ ದೊರೆ ಕಟ್ಟಿಹಾಕಲು ಮಾಡಿದ ಪ್ರಯತ್ನ ಅದು. ನೂರಾರು ವರ್ಷ, ಮೂರು ನಾಲ್ಕು ಮತಗಳ ದೊರೆಗಳು, ಒಂದೇ ತೊಡಕಿಗೆ ಒಂದೇ ಪರಿಹಾರ ಹುಡುಕಿದರು. ಕಾನೂನನ್ನು ಜೋಪಾನ ಮಾಡುವ ಮಂಡಳಿ ನಿರಂಕುಶ ರಾಜ್ಯದಲ್ಲಿ ಇರುವುದಿಲ್ಲ, ಆ ಜಾಗದಲ್ಲಿ ಧರ್ಮವೋ ರೂಢಿಯೋ ನಿಂತಿರುತ್ತದೆ ಎಂದು ಮಾಂಟೆಸ್ಕ್ಯೂ ಒಂದು ಕಡೆ ಬರೆಯುತ್ತಾನೆ. ಪ್ರವಾಸಿಗಳ ಮಾತು ನಂಬಿ ಬರೆದ ಪುಟಗಳಲ್ಲಿ ಇದೊಂದು ಮಾತು ನಮ್ಮ ಶಾಸನಗಳನ್ನು ಓದಿಯೇ ಬರೆದಂತಿದೆ. ಕೊಡಗಿನಿಂದ, ಮಂಗಳೂರಿನ ಕಡೆಯಿಂದ ಜನರನ್ನು ಗುಂಪುಗುಂಪಾಗಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಆ ಹುಕುಮನ್ನು ತಡೆದು ಕೇಳುವ ಪೀಠ ಒಂದಾದರೂ ಇದ್ದಿದ್ದರೆ, ಇಂದಿಗೂ ಮುಗಿಯದ ನಮ್ಮ ಟಿಪ್ಪು ಜಗಳ ಬೇರೆ ರೂಪದಲ್ಲಿರುತ್ತಿತ್ತು. ದೊರೆ ಒಳ್ಳೆಯವನೋ ಕೆಟ್ಟವನೋ ಎಂದು ಇನ್ನೂರು ವರ್ಷದಿಂದ ಹೊಡೆದಾಡುತ್ತಿದ್ದೇವೆ. ಮಾಂಟೆಸ್ಕ್ಯೂಗೆ ಆ ಪ್ರಶ್ನೆಯಲ್ಲಿ ಆಸಕ್ತಿಯೇ ಇರುತ್ತಿರಲಿಲ್ಲ.

ಇದೇ ಪಟ್ಟಣಕ್ಕೆ ಫ್ರೆಂಚರ ಸ್ವಾತಂತ್ರ್ಯವೂ ಬಂದಿತ್ತು. ಹೈದರ್ ಮತ್ತು ಟಿಪ್ಪು ಕಾಲದ ಫ್ರೆಂಚ್ ದಂಡು ಬೀಡುಬಿಟ್ಟಿದ್ದ ಹಿರೋಡೆ ಬಹಳ ಕಾಲ ‘ಫ್ರೆಂಚ್ ರಾಕ್ಸ್’ ಎಂದೇ ಕರೆಸಿಕೊಂಡಿತು. ಅದೇ ಇವತ್ತಿನ ಪಾಂಡವಪುರ. 1797ರಲ್ಲಿ ಕೆಟ್ಟ ಹಡಗಿನೊಂದಿಗೆ ಮಂಗಳೂರಿಗೆ ಬಂದ ರಿಪೋ ಎಂಬವನು ಮಾರಿಷಸ್ಸಿನ ಪ್ರತಿನಿಧಿ ತಾನೆಂದು ಹೇಳಿಕೊಂಡು ಶ್ರೀರಂಗಪಟ್ಟಣ ಸೇರಿದ. ಮುಂದೆ ಕಂಪನಿ ಪ್ರಕಟಿಸಿದ ಕಾಗದಪತ್ರಗಳ ಪ್ರಕಾರ, ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿನ 59 ಮಂದಿ ಫ್ರೆಂಚರು ಜಾಕೊಬಿನ್ ಕ್ಲಬ್ಬು ಕಟ್ಟಿದರು, ಗಣರಾಜ್ಯದ ಬಾವುಟ ಹಾರಿಸಿದರು, ಸ್ವಾತಂತ್ರ್ಯದ ಮರ ನೆಟ್ಟರು, ತೋಪು ಹಾರಿಸಿದರು, ಎಲ್ಲ ರಾಜರನ್ನೂ ದ್ವೇಷಿಸುವುದಾಗಿ ಪ್ರಮಾಣ ಮಾಡಿದರು. ಮಿತ್ರನಾದ ಟಿಪ್ಪು ಸುಲ್ತಾನನೊಬ್ಬನಿಗೆ ಅದರಿಂದ ವಿನಾಯಿತಿ! ಈ ಕಾಗದಗಳಲ್ಲಿ ಎಷ್ಟು ನಿಜ, ಯುದ್ಧಕ್ಕೆ ನೆಪ ಬೇಕಿದ್ದ ಕಂಪನಿ ಎಷ್ಟು ಬಣ್ಣ ಬಳಿಯಿತು ಎಂಬುದರ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ. ನಿಜವೇ ಎಂದಿಟ್ಟುಕೊಂಡರೂ ಅದರಿಂದ ಶ್ರೀರಂಗಪಟ್ಟಣದ ಒಬ್ಬ ನೇಕಾರನಿಗೋ ಗಾಣಿಗನಿಗೋ ಹೊಸ ಹಕ್ಕೊಂದು ದೊರೆಯಲಿಲ್ಲ. ಸ್ವಾತಂತ್ರ್ಯವೆಂದರೆ ಘೋಷಣೆ, ಮರ, ಟೊಪ್ಪಿಗೆ ಎಂದುಕೊಂಡವರು ಮಾಂಟೆಸ್ಕ್ಯೂವನ್ನು ಓದಿದ ನಾಡಿನಿಂದಲೇ ಬಂದವರು ಎನ್ನುವುದು ತಮಾಷೆ.

ಆದರೆ ಇಂಥವರನ್ನು ಅವನು ತನ್ನ ಇಪ್ಪತ್ತೆಂಟೋ ಮೂವತ್ತೋ ವಯಸ್ಸಿನಲ್ಲೇ ಕಲ್ಪಿಸಿಕೊಂಡಿದ್ದ ಎಂದು ಅವನ ಪರವಾಗಿ ಹೇಳಬೇಕು. 1721ರ ‘ಪರ್ಷಿಯನ್ ಲೆಟರ್ಸ್’ನ ಉಸ್ಬೆಕ್ ಪ್ಯಾರಿಸ್ಸಿನಲ್ಲಿ ಕೂತು ದೊರೆಗಳ ಬಗ್ಗೆ, ಚರ್ಚಿನ ಬಗ್ಗೆ ಸ್ವತಂತ್ರವಾಗಿ ಯೋಚಿಸುತ್ತಾನೆ, ಊರಿನ ಜನಾನಾಕ್ಕೆ ಮಾತ್ರ ನಿರಂಕುಶನಂತೆ ಹುಕುಂ ಕಳಿಸುತ್ತಾನೆ. ಕಡೆಯ ಪತ್ರ ಅವನ ಹೆಂಡತಿಯದು, ವಿಷ ಕುಡಿದು ಬರೆದದ್ದು. ಮಾಂಟೆಸ್ಕ್ಯೂನ ಸಿದ್ಧಾಂತಕ್ಕಿಂತ ಅವನ ಕಾದಂಬರಿ ಹೆಚ್ಚು ತಿಳಿದಿದೆ ಎಂದು ನನ್ನ ಅಭಿಪ್ರಾಯ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಮೊಲಿಯೇರನ ನಾಟಕವನ್ನು ‘ಆಷಾಢಭೂತಿ’ಯಾಗಿ ನಮ್ಮದು ಮಾಡಿಕೊಟ್ಟರು. ಉಸ್ಬೆಕನಿಗೂ ಅಂಥದೇ ತಣ್ಣನೆಯ, ತುಂಟ ಗದ್ಯ ಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನಿರಂಕುಶ ಹೋದ, ಕಾನೂನು ಬಂತು ಎಂದು ಕಂಪನಿಯ ಕಡೆಯವರು ಬರೆದರು. ಬಂದ ಕಾನೂನನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆ ಜುಲೈನಲ್ಲಿ ಆದ ಒಪ್ಪಂದದಲ್ಲಿ ಒಂದು ಷರತ್ತು ಇತ್ತು: ಕಂಪನಿಗೆ ಸಲ್ಲಬೇಕಾದ ಹಣಕ್ಕೆ ತೊಂದರೆಯಾದೀತೆಂದು ಗವರ್ನರ್ ಜನರಲ್‌ಗೆ ಅನ್ನಿಸಿದರೆ ಅವನು ಆಡಳಿತವನ್ನೇ ವಹಿಸಿಕೊಳ್ಳಬಹುದು. ಷರತ್ತು ಬರೆದದ್ದು ಕಂಪನಿ. ಹಣ ಪಡೆಯುವುದು ಕಂಪನಿ. ತೊಂದರೆಯಾಯಿತೇ ಎಂದು ತೀರ್ಮಾನಿಸುವುದು ಕಂಪನಿ. ನಗರದ ರೈತರ ದಂಗೆಯ ನಂತರ 1831ರಲ್ಲಿ ಬೆಂಟಿಂಕ್ ಆಡಳಿತ ಕಿತ್ತುಕೊಂಡ. ದಂಗೆಗೆ ಕಾರಣವೇನೆಂದು ವಿಚಾರಿಸುವ ಸಮಿತಿ ನೇಮಕವಾದದ್ದು ಆಮೇಲೆ, ಅದು ವರದಿ ಕೊಟ್ಟದ್ದು 1833ರಲ್ಲಿ. ಶಿಕ್ಷೆ ಮೊದಲು, ವಿಚಾರಣೆ ನಂತರ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ನಮ್ಮ ಕಡೆ ಕೇಳುವ ಪ್ರಶ್ನೆಯೇ ಮಾಂಟೆಸ್ಕ್ಯೂನದೂ. ಅವನ ಅಳತೆಗೋಲಿನಲ್ಲಿ ಟಿಪ್ಪುವನ್ನು ಅಳೆದವರು ಅದೇ ಕೋಲನ್ನು ತಮ್ಮ ಕಡೆ ತಿರುಗಿಸಲಿಲ್ಲ. ಆ ಐವತ್ತು ವರ್ಷಗಳ ಕಮಿಷನರ್ ಆಳ್ವಿಕೆಯಲ್ಲಿ ರಸ್ತೆಯಾದವು, ರೈಲು ಬಂತು, ಲೆಕ್ಕಪತ್ರ ಅಚ್ಚುಕಟ್ಟಾಯಿತು. ಭಯವಿಲ್ಲದೆಯೂ ನಿರಂಕುಶತೆ ಸುಸೂತ್ರವಾಗಿ ನಡೆಯಬಲ್ಲದು ಎಂಬುದು ಅವನ ಮೂರು ಬಗೆಗಳಲ್ಲಿ ಹಿಡಿಯಲಾರದ ಸಂಗತಿ. ಅಂದಹಾಗೆ, ಶ್ರೀರಂಗಪಟ್ಟಣದ ದ್ವೀಪ ಮಾತ್ರ 1881ರವರೆಗೂ ಬ್ರಿಟಿಷರದಾಗಿಯೇ ಉಳಿಯಿತು.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಆ ಅಕ್ಟೋಬರ್‌ನಲ್ಲಿ, ದಸರಾ ಸಮಯಕ್ಕೆ, 144 ಮಂದಿಯ ಸಭೆ. ದಿವಾನರು ವರ್ಷದ ಆಡಳಿತದ ವರದಿ ಓದುವುದು, ಪ್ರತಿನಿಧಿಗಳು ಅಹವಾಲು ಹೇಳುವುದು. ಕಾನೂನು ಮಾಡುವ ಅಧಿಕಾರವಿಲ್ಲ, ತಡೆಯುವ ಅಧಿಕಾರವೂ ಇಲ್ಲ. ಸಭೆ ನಿಂತದ್ದೇ ಸರ್ಕಾರದ ಒಂದು ಆದೇಶದ ಮೇಲೆ. ಅದಕ್ಕೆ ಶಾಸನದ ಬುನಾದಿ ಸಿಕ್ಕಿದ್ದು 1923ರಲ್ಲಿ. ಇದನ್ನು ಹಗುರ ಮಾಡಿ ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೊರೆಯ ಎದುರಿಗೆ ನಿಂತು ಹೇಳುವ ಜಾಗವೊಂದು ಶಾಪವಲ್ಲದ ರೂಪದಲ್ಲಿ ಈ ನಾಡಿನಲ್ಲಿ ಹುಟ್ಟಿದ್ದು ಅಲ್ಲಿ.

ಮಾಂಟೆಸ್ಕ್ಯೂ ಜೊತೆ ನನ್ನ ನಿಜವಾದ ಜಗಳ ಇರುವುದು ಅವನ ನಡುಗಂಬಗಳ ಬಗ್ಗೆ. ದೊರೆಯನ್ನು ತಡೆಯುವವರು ಯಾರೆಂದರೆ ಅವನು ತೋರಿಸುವುದು ಶ್ರೀಮಂತ ಕುಲೀನರನ್ನು, ವಂಶಪಾರಂಪರ್ಯ ನ್ಯಾಯಾಧೀಶರನ್ನು, ತನ್ನಂಥವರನ್ನು. ಕೊಂಡುಕೊಂಡ ಹುದ್ದೆಯನ್ನು ರಾಜ ಕಿತ್ತುಕೊಳ್ಳಲಾರ, ಆದ್ದರಿಂದ ಅದೂ ಸ್ವಾತಂತ್ರ್ಯಕ್ಕೆ ಒಂದು ಬೇಲಿ ಎಂಬ ವಾದ. ನಮ್ಮಲ್ಲೂ ಅಂಥ ಬೇಲಿಗಳಿದ್ದವು. ಪಟೇಲರು, ಶಾನುಭೋಗರು ವಂಶಪಾರಂಪರ್ಯವಾಗಿ ಕೂತು ದೊರೆ ಬದಲಾದರೂ ತಾವು ಬದಲಾಗದೆ ಹಳ್ಳಿಯನ್ನು ನಡೆಸಿದರು. ಅಮಲ್ದಾರನ ಕೈ ಹಳ್ಳಿಯೊಳಗೆ ಪೂರ್ತಿ ಚಾಚದಂತೆ ತಡೆದದ್ದೂ ಅವರೇ. ಆದರೆ ಅದೇ ಏರ್ಪಾಟಿನ ಕೆಳತುದಿಯಲ್ಲಿ ತೋಟಿ, ತಳವಾರ, ನೀರಗಂಟಿ ಇದ್ದರು. ಅವರ ಚಾಕರಿಯೂ ವಂಶಪಾರಂಪರ್ಯವೇ. ದೊರೆಯ ಭಯದಿಂದ ಬಚಾವಾದ ಗೌಡನಿಗೆ ಅಂಜಿಕೊಂಡೇ ಬದುಕಬೇಕಿದ್ದ ತೋಟಿಗೆ ಮಾಂಟೆಸ್ಕ್ಯೂನ ಸ್ವಾತಂತ್ರ್ಯ ಮುಟ್ಟುವುದಿಲ್ಲ. ಹಳ್ಳಿಯನ್ನೇ ಸಂವಿಧಾನದ ಬುನಾದಿ ಮಾಡಬೇಕು ಎಂಬ ಮಾತನ್ನು ಅಂಬೇಡ್ಕರ್ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಖಡಾಖಂಡಿತವಾಗಿ ತಳ್ಳಿಹಾಕಿದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಈ ಹುದ್ದೆಗಳು ಕೊನೆಗೊಂಡದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ. ಒಬ್ಬ ಪ್ರಜೆ ಇನ್ನೊಬ್ಬನಿಗೆ ಅಂಜಬಾರದು ಎಂಬ ಅವನ ಮಾತನ್ನು ಅವನಿಗಿಂತ ಗಂಭೀರವಾಗಿ ತೆಗೆದುಕೊಂಡದ್ದು ಈ ಕಾಯಿದೆ ಎನ್ನಬೇಕು.

ಗ್ರಾಮದ ಹುದ್ದೆಗಳು ಹೋದವು, ಮೇಲಿನವು ಉಳಿದವು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕು ಸೇರಿ ಈಗ ಒಂದು ಕಂದಾಯ ಉಪವಿಭಾಗ, ಅದರ ಎ.ಸಿ. ಕಚೇರಿ ಪಾಂಡವಪುರದಲ್ಲಿ. ಸಂವಿಧಾನದ 50ನೇ ವಿಧಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ಹೇಳುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಮ್ಯಾಜಿಸ್ಟ್ರೇಟರನ್ನು ಎರಡು ಬಗೆ ಮಾಡಿ ಅಪರಾಧದ ವಿಚಾರಣೆಯನ್ನು ಕೋರ್ಟಿಗೆ ಬಿಟ್ಟಿತು. ಆದರೂ ಎ.ಸಿ.ಯವರು ಕಂದಾಯ ಆಡಳಿತದ ಅಧಿಕಾರಿ, ಶಾಂತಿ ಕಾಪಾಡುವ ಉಪವಿಭಾಗ ದಂಡಾಧಿಕಾರಿ. 1964ರ ಭೂಕಂದಾಯ ಕಾಯಿದೆಯ 136(2)ನೇ ಪ್ರಕರಣದಂತೆ ಖಾತೆ, ಪಹಣಿ ತಕರಾರಿನ ಮೇಲ್ಮನವಿ ಕೇಳುವ ನ್ಯಾಯಪೀಠವೂ ಅವರೇ. ಅವರ ಮೇಲೆ ಜಿಲ್ಲಾಧಿಕಾರಿ, ಆಮೇಲೆ ಹೈಕೋರ್ಟು ಇವೆ. ಕನ್ನಂಬಾಡಿಯ ಕಲ್ಲಿಗಿಲ್ಲದ ಮೆಟ್ಟಿಲು ಅದು, ಸಣ್ಣದಲ್ಲ. ಆದರೆ ನಾಗಮಂಗಲದ ಕಡೆಯ ಒಬ್ಬ ರೈತ ತಹಶೀಲ್ದಾರರ ಆದೇಶದ ವಿರುದ್ಧ ಕಾಗದ ಕಟ್ಟಿಕೊಂಡು ಪಾಂಡವಪುರದ ಬಸ್ಸು ಹತ್ತಿದರೆ, ಅವನ ಮಾತು ಕೇಳುವವರು ಅದೇ ಇಲಾಖೆಯಲ್ಲಿ ಆ ತಹಶೀಲ್ದಾರರ ನೇರ ಮೇಲಧಿಕಾರಿ. ಅಂದು ಕಾವೇರಿ ನೀರಿಗಾಗಿ ಹೆದ್ದಾರಿ ತಡೆ ಇದ್ದು ಸಾಹೇಬರು ಬಂದೋಬಸ್ತಿಗೆ ಹೋಗಿದ್ದರೆ, ಕೇಸು ಮುಂದಿನ ತಾರೀಕಿಗೆ.